ನೈರೋಬಿಯಿಂದ ಅಕ್ರಾಗೆ ಎಷ್ಟು ದಾರ

ಬೆಳಿಗ್ಗೆ ನನ್ನ ಪಾಸ್‌ಪೋರ್ಟ್ ಹುಡುಕಲು ಹೋದೆ, ಸಿಕ್ಕಿದ್ದು ಅಮ್ಮನದು. ಬೀರುವಿನ ಕೆಳಗಿನ ಅರೆಯಲ್ಲಿ, ಹಳೇ ರೇಷನ್ ಕಾರ್ಡು, ಗ್ಯಾಸ್ ಪುಸ್ತಕ, ಯಾವುದೋ ಮದುವೆಯ ಮಡಿಸಿದ ಕರೆಯೋಲೆ, ಇವೆಲ್ಲದರ ಅಡಿಯಲ್ಲಿ ಅದು ಅಂಗಾತ ಮಲಗಿತ್ತು. ಪ್ಲಾಸ್ಟಿಕ್ ಹೊದಿಕೆ ಹಳದಿ ತಿರುಗಿ ಬೆರಳಿಗೆ ಅಂಟುತ್ತಿತ್ತು. ಅಮ್ಮ ಹೋಗಿ ಆರು ವರ್ಷವಾಯಿತು. ಪಾಸ್‌ಪೋರ್ಟಿನ ಅವಧಿ ಮುಗಿದು ಅದಕ್ಕಿಂತ ಎಷ್ಟೋ ವರ್ಷ. ಆದರೂ ಬಿಡಿಸಿ ನೋಡಿದೆ. ನೋಡುವಾಗ ಒಳಗಿನಿಂದ ಎರಡು ಎಳೆ ದಾರ ಮಡಿಲಿಗೆ ಬಿತ್ತು.

ಹೂ ಕಟ್ಟುವ ಬಿಳಿ ನೂಲು. ಒಂದು ಎಳೆ ಗೇಣಿಗೆ ಸ್ವಲ್ಪ ಕಮ್ಮಿ. ಇನ್ನೊಂದು ಅದಕ್ಕಿಂತ ಒಂದು ಬೆರಳಗಲ ಚಿಕ್ಕದು. ನೀವಾಗಿದ್ದರೆ ಕಸವೆಂದು ಊದಿಬಿಡುತ್ತಿದ್ದಿರಿ, ತಪ್ಪೇನಿಲ್ಲ. ನಾನು ಮಾತ್ರ ಅವನ್ನು ಮೊಣಕಾಲ ಮೇಲೆ ಒಂದರ ಪಕ್ಕ ಒಂದು ಜೋಡಿಸಿಟ್ಟುಕೊಂಡು, ಒಲೆಯ ಮೇಲೆ ಹಾಲಿಟ್ಟಿದ್ದೂ ಮರೆತು ಕೂತೆ. ಉದ್ದನೆಯದು ಬೆಂಗಳೂರಿನಿಂದ ನೈರೋಬಿಗೆ. ಚಿಕ್ಕದು ನೈರೋಬಿಯಿಂದ ಅಕ್ರಾಗೆ.

ನನ್ನ ಪಾಸ್‌ಪೋರ್ಟ್ ಯಾಕೆ ಬೇಕಿತ್ತು ಎಂಬುದನ್ನು ಮೊದಲು ಹೇಳಿಬಿಡಬೇಕು. ನಾವು ಮೂರು ಜನ ಅಕ್ಕತಂಗಿಯರು. ದೊಡ್ಡವಳು ಜಯಕ್ಕ, ಮದುವೆಯಾದಾಗಿನಿಂದ ನೈರೋಬಿಯಲ್ಲಿ. ನಡುವಿನವಳು ಸುಧಕ್ಕ, ಅವಳೂ ಆಫ್ರಿಕಾದಲ್ಲೇ, ಅಕ್ರಾದಲ್ಲಿ. ಕೊನೆಯವಳು ನಾನು, ಸಿ.ವಿ. ರಾಮನ್ ನಗರದಲ್ಲಿ, ಹುಟ್ಟಿದ ಮನೆಯಿಂದ ಎರಡು ಮೈಲಿಯೂ ದಾಟದವಳು. ಹೋದ ವಾರ ಸುಧಕ್ಕ ಬಚ್ಚಲಲ್ಲಿ ಜಾರಿಬಿದ್ದಳು. ಮುಂದಿನ ತಿಂಗಳು ಸೊಂಟಕ್ಕೆ ಆಪರೇಷನ್. ಫೋನಿನಲ್ಲಿ ನನಗೊಬ್ಬಳಿಗೇ ಕೇಳಿಸುವಂತೆ, ‘ನೀನು ಬರ್ತೀಯೇನೇ’ ಅಂದಳು. ಆ ಮಾತನ್ನು ಇವತ್ತು ಕಾಫಿಯ ಹೊತ್ತಿನಲ್ಲಿ ಎತ್ತಿದಾಗ ನಮ್ಮ ಮನೆಯವರು ಪೇಪರಿನಿಂದ ತಲೆ ಎತ್ತದೆ, ನಿನಗೆ ಮಂಡಿನೋವು, ಅಷ್ಟು ದೂರ ಯಾಕೆ, ಜಯಕ್ಕ ಅಲ್ಲೇ ನೈರೋಬಿಯಲ್ಲಿ ಇದ್ದಾರಲ್ಲ, ಪಕ್ಕ ತಾನೆ ಅಂದರು. ನಾನು ಹೂಂ ಅಂದೆ. ನಿಜ ಹೇಳಬೇಕೆಂದರೆ ಹೂಂ ಅಂದಾಗ ಒಳಗೆಲ್ಲೋ ಹಾಯೆನಿಸಿತು. ಹೋಗಬೇಡ ಅಂತ ಇನ್ನೊಬ್ಬರು ಹೇಳಿದರೆ ಹೋಗದಿರುವ ಪಾಪ ಅವರ ಪಾಲಿಗೆ. ಆಮೇಲೆ ಮನಸ್ಸು ತಡೆಯದೆ, ಸಂಜೆ ಮಗಳು ಬಂದಮೇಲೆ ಅವಳ ಕೈಲಿ ಅಪ್ಪನಿಗೆ ಹೇಳಿಸೋಣ ಅಂದುಕೊಂಡೆ. ಹೇಳಿಸುವ ಮೊದಲು ಪಾಸ್‌ಪೋರ್ಟ್ ಇದೆಯೋ ಇಲ್ಲವೋ ನೋಡೋಣ ಎಂದು ಬೀರು ತೆಗೆದದ್ದು.

ಹೇಳಿಸುವುದು! ಈ ವಿದ್ಯೆಯನ್ನು ನಾನು ಎಲ್ಲಿ ಕಲಿತೆ ಎಂದು ದಾರ ನೋಡಿದ ಮೇಲೆ ನೆನಪಾಯಿತು.

ನಮ್ಮದು ಬೆಂಗಳೂರಿನ ತಿಪ್ಪಸಂದ್ರದ ಹಳೇ ಮನೆತನ. ರಾಗಿ ಹೊಲ ಸೈಟುಗಳಾಗಿ, ಊರಿನ ಹೆಸರಿನ ಹಿಂದೆ ‘ಹೊಸ’ ಸೇರಿಕೊಂಡು, ಮಾರ್ಕೆಟ್ ರಸ್ತೆಯಲ್ಲಿ ಪಾತ್ರೆ ಅಂಗಡಿ, ಬ್ಲೌಸ್ ಪೀಸಿನ ಅಂಗಡಿಗಳೆಲ್ಲ ಬಂದಮೇಲೂ ನಮ್ಮ ಮನೆ ಮಾತ್ರ ಮೊದಲಿನಂತೆ ಹೆಂಚು, ಮುಂದೊಂದು ತೆಂಗಿನ ಮರ, ಹಾಲಿನಲ್ಲಿ ದೊಡ್ಡಪ್ಪನ ಮಂಚ. ಆಗಿನ್ನೂ ವಿಮಾನ ನಿಲ್ದಾಣ ಇದ್ದದ್ದು ನಮ್ಮ ಪಕ್ಕದಲ್ಲೇ. ವಿಮಾನಗಳು ಇಳಿಯುವುದು ನಮ್ಮ ತಲೆಯ ಮೇಲಿಂದಲೇ. ಒಂದು ಬಂತೆಂದರೆ ಅಡುಗೆಮನೆಯ ಸ್ಟೀಲ್ ತಟ್ಟೆಗಳು ಸ್ಟ್ಯಾಂಡಿನಲ್ಲಿ ಗುಂಯ್‌ಗುಡುತ್ತಿದ್ದವು. ಮಾತು ಎಲ್ಲಿತ್ತೋ ಅಲ್ಲೇ ನಿಲ್ಲಿಸಿ, ವಿಮಾನ ದಾಟಿದ ಮೇಲೆ ಅದೇ ಪದದಿಂದ ಮುಂದುವರಿಸುವುದು ನಮ್ಮ ಮನೆಯಲ್ಲಿ ಎಳೆ ಮಕ್ಕಳಿಗೂ ಗೊತ್ತು. ಬೇರೆ ಬಡಾವಣೆಯಿಂದ ಬಂದ ನೆಂಟರು, ಇವರಿಗೇನೋ ಕಾಯಿಲೆ ಎಂಬಂತೆ ನಮ್ಮ ಬಾಯಿ ನೋಡುತ್ತಿದ್ದರು.

ವಿಮಾನದಲ್ಲಿ ಒಮ್ಮೆಯೂ ಕೂರದೆ ದಿನವೂ ವಿಮಾನಗಳ ಹೊಟ್ಟೆ ನೋಡಿಕೊಂಡು ಬದುಕುವವರಿಗೆ ಒಂದು ವಿಚಿತ್ರ ತಿಳಿವಳಿಕೆ ಬಂದುಬಿಡುತ್ತದೆ. ದೂರವೆಲ್ಲ ಬಸ್ಸಿಗೆ ಮಾತ್ರ, ವಿಮಾನಕ್ಕಲ್ಲ. ತೆಂಗಿನ ಮರದ ಮೇಲೆ ಕಂಡದ್ದು, ನೀವು ಲೋಟದ ಕಾಫಿ ಮುಗಿಸುವಷ್ಟರಲ್ಲಿ ನೆಲದ ಮೇಲಿರುತ್ತದೆ. ಜಯಕ್ಕ ಮದುವೆಯಾಗಿ ಹೊರಟಾಗ ಅತ್ತವರು ಅಮ್ಮ ಒಬ್ಬರೇ. ದೊಡ್ಡಪ್ಪ, ಹೊಸೂರಿಗೆ ಕೊಟ್ಟಿದ್ದರೆ ಅಳಬಹುದಿತ್ತು, ವಿಮಾನದಲ್ಲಿ ಹೋಗೋಳಿಗೆ ಯಾಕೆ ಅಂದಿದ್ದರು.

ದೊಡ್ಡಪ್ಪ ಕೆಟ್ಟವರೆಂದು ಮಾತ್ರ ನೀವು ತಿಳಿಯಬಾರದು. ನಾನು ಆರನೇ ಕ್ಲಾಸಿನಲ್ಲಿದ್ದಾಗ ಅಪ್ಪ ತೀರಿಕೊಂಡರು. ದೊಡ್ಡಮ್ಮ ಅದಕ್ಕೂ ಮೊದಲೇ ಹೋಗಿದ್ದರು, ಅವರಿಗೆ ಮಕ್ಕಳಿರಲಿಲ್ಲ. ತಮ್ಮನ ಮೂರು ಹೆಣ್ಣುಮಕ್ಕಳನ್ನೂ ಓದಿಸಿದವರು, ಗಂಡು ನೋಡಲು ಚಪ್ಪಲಿ ಸವೆಸಿದವರು ಅವರೇ. ಹೊಲ ಸೈಟಾಗುವಾಗ ಅಳೆಯುವವರ ಜೊತೆ ಬಿಸಿಲಿನಲ್ಲಿ ನಿಂತು ಹಗ್ಗದ ಒಂದು ತುದಿ ತಾವೇ ಹಿಡಿದಿದ್ದರು. ಆ ಹಗ್ಗ ಆಮೇಲೂ ಹಾಲಿನ ಗೋಡೆಯ ಮೊಳೆಯಲ್ಲಿ ಸುರುಳಿಯಾಗಿ ನೇತಾಡುತ್ತಿತ್ತು. ಯಾರಾದರೂ ಕಾಂಪೌಂಡಿನ ಜಗಳ ತಂದರೆ ಅವರದು ಒಂದೇ ಮಾತು: ‘ಬಾಯಿ ಅಳತೆ ಬ್ಯಾಡ, ಹಗ್ಗ ಹಿಡೀರಿ.’

ಅಮ್ಮ ಅವರೊಂದಿಗೆ ನೇರವಾಗಿ ಮಾತಾಡುತ್ತಿರಲಿಲ್ಲ. ಗಂಡನ ಅಣ್ಣನ ಎದುರು ನಿಂತು ಮಾತಾಡುವುದು ನಮ್ಮ ಕಡೆ ಪದ್ಧತಿಯಲ್ಲ. ಅಡುಗೆಮನೆಯ ಬಾಗಿಲ ಮರೆಯಲ್ಲಿ ಅಮ್ಮ, ಎಂಟಡಿ ಆಚೆ ಮಂಚದ ಮೇಲೆ ದೊಡ್ಡಪ್ಪ, ನಡುವೆ ನಾನು. ‘ನಿಮ್ಮ ದೊಡ್ಡಪ್ಪಂಗೆ ಹೇಳು, ಸಾರು ಆರ್ತಾ ಇದೆ.’ ದೊಡ್ಡಪ್ಪನಿಗೆ ಕಿವಿ ಚೆನ್ನಾಗಿಯೇ ಇತ್ತು. ಆದರೂ ನಾನು ಹೇಳುವವರೆಗೆ ಏಳುವಂತಿಲ್ಲ. ನಾನು ಹಿತ್ತಲಿಗೆ ಹೋಗಿದ್ದರೆ ಸಾರು ಪೂರ್ತಿ ಆರಿಯೇ ಹೋಗುತ್ತಿತ್ತು. ಹೀಗೆ ಹನ್ನೊಂದು ವರ್ಷದಿಂದ ಇಪ್ಪತ್ತೆರಡರವರೆಗೆ ನಾನು ಈ ಮನೆಯ ಟೆಲಿಫೋನ್ ತಂತಿಯಾಗಿದ್ದೆ. ತಂತಿಗೆ ಒಂದು ದುರಭ್ಯಾಸವೂ ಇತ್ತು. ಆ ಕಡೆಯ ಮಾತು ಈ ಕಡೆಗೆ ದಾಟುವಾಗ ಒಂದಿಷ್ಟು ತಿದ್ದಿಬಿಡುವುದು. ಅವರಿಗೇನು ಗೊತ್ತಾಗುತ್ತೆ ಹೆಂಗಸರ ಕಷ್ಟ ಎಂದು ಅಮ್ಮ ಅಂದರೆ, ಅಮ್ಮ ಆಮೇಲೆ ಹೇಳ್ತಾರಂತೆ ಎಂದು ನಾನು ದಾಟಿಸುತ್ತಿದ್ದೆ. ಮನೆಯಲ್ಲಿ ಜಗಳವಾಗುತ್ತಿರಲಿಲ್ಲ. ಇದು ನನ್ನ ಜಾಣತನವೆಂದೇ ನಂಬಿಕೊಂಡಿದ್ದೆ.

ತೊಂಬತ್ತೆಂಟರಲ್ಲಿ ಸುಧಕ್ಕನಿಗೆ ಮದುವೆಯಾಗಿ ಎರಡು ವರ್ಷ. ಚೊಚ್ಚಲ ಬಸುರಿ. ಏಳನೇ ತಿಂಗಳಿಗೆ ಊರಿಗೆ ಬರಬೇಕಿದ್ದವಳಿಗೆ ಏನೋ ತೊಂದರೆ ಕಾಣಿಸಿ, ಡಾಕ್ಟರು ಹಾಸಿಗೆ ಬಿಟ್ಟು ಏಳಬಾರದು, ವಿಮಾನದ ಮಾತಂತೂ ಬೇಡ ಅಂದರು. ಚೊಚ್ಚಲ ಬಾಣಂತನ ತಾಯಿಯ ಕೈಲಿ ಆಗಬೇಕು. ಮಗಳು ಬರಲಾಗದಿದ್ದರೆ ತಾಯಿ ಹೋಗಬೇಕು. ಇದರಲ್ಲಿ ಕೇಳುವುದೇನಿದೆ ಎಂಬಂತೆ ಅಮ್ಮ ಅವತ್ತೇ ಬಾಂಡಲೆ ಇಟ್ಟು ಮೆಣಸು, ಒಣಶುಂಠಿ, ಹಿಪ್ಪಲಿ ಹುರಿಯಲು ಕೂತರು. ಬಾಣಂತಿ ಖಾರದ ಘಾಟು ಹೆಂಚಿನವರೆಗೂ ಏರಿತು. ದೊಡ್ಡಪ್ಪ ನಾಲ್ಕು ಸಲ ಸೀನಿ, ಯಾರಿಗೆ ಬಾಣಂತನ ಅಂತ ನನ್ನನ್ನು ಕೇಳಿದರು. ಹೇಳಿದೆ.

‘ಜಯ ಅಲ್ಲೇ ಅವ್ಳಲ್ಲ, ಆಫ್ರಿಕಾದಲ್ಲೇ’ ಅಂದರು ದೊಡ್ಡಪ್ಪ. ‘ನಿಮ್ಮಮ್ಮ ಇಲ್ಲಿಂದ ಯಾಕೆ ಹೋಗ್ಬೇಕು? ಅಲ್ಲಿಂದ ಅಲ್ಲಿಗೆ ಎಷ್ಟೊತ್ತು ಮಗ, ನೋಡ್ಕೊಂಡ್ ಬಾ.’

ನನ್ನನ್ನು ಕೇಳಲು ಕಾರಣವಿತ್ತು. ನಾನಾಗ ಶಿವಾಜಿನಗರದ ಒಂದು ಟ್ರಾವೆಲ್ಸ್ ಆಫೀಸಿನಲ್ಲಿ ಕೆಲಸಕ್ಕಿದ್ದೆ. ಕೆಲಸವೆಂದರೆ ಟಿಕೆಟ್ ಮಾಡುವುದಲ್ಲ, ವೀಸಾ ಫಾರಂ ಟೈಪ್ ಮಾಡುವುದು, ಫೋಟೋ ಅಂಟಿಸುವುದು, ಕೊರಿಯರ್ ಕಟ್ಟುವುದು. ಟಿಕೆಟ್ಟಿನ ಮೇಜು ಅನ್ವರ್ ಭಾಯಿಯದು. ಗಲ್ಫಿಗೆ ಹೋಗುವವರು ಸಾಲುಗಟ್ಟಿ ಕೂತಿರುತ್ತಿದ್ದ ಆ ಮೇಜಿನ ಮೇಲೆ ಇಟ್ಟಿಗೆಯಷ್ಟು ದಪ್ಪದ ಒಂದು ಪುಸ್ತಕ, ಲೋಕದ ಎಲ್ಲ ವಿಮಾನಗಳ ವೇಳಾಪಟ್ಟಿ. ಮಧ್ಯಾಹ್ನ ಅವರು ನಮಾಜಿಗೆ ಹೋದಾಗ ನಾನು ಅದನ್ನು ಬಿಡಿಸಿದೆ. ಬೆರಳಿಟ್ಟು ಹುಡುಕಿದೆ. ನೈರೋಬಿ ಬಿಡುವುದು ಒಂಬತ್ತಕ್ಕೆ, ಅಕ್ರಾ ಸೇರುವುದು ಹನ್ನೊಂದೂ ಮುಕ್ಕಾಲಿಗೆ. ಕಳೆದೆ. ಹತ್ತನೇ ಕ್ಲಾಸಿನ ಲೆಕ್ಕದಲ್ಲಿ ನನಗೆ ತೊಂಬತ್ತು ಬಂದಿತ್ತು, ಗೊತ್ತಿರಲಿ.

ಸಂಜೆ ಬಸ್ಸಿಳಿದು ಬಹುಮಾನ ತಂದವಳ ಹಾಗೆ ಮನೆಗೆ ನಡೆದೆ. ಎರಡೂ ಮುಕ್ಕಾಲು ಗಂಟೆ ಅಂದೆ. ದೊಡ್ಡಪ್ಪ ತೊಡೆ ತಟ್ಟಿಕೊಂಡರು. ಮೈಸೂರಿನ ಬಸ್ಸಿಗೂ ಅದಕ್ಕಿಂತ ಹೆಚ್ಚು ಹೊತ್ತು ಬೇಕು! ಜಯ ಬೆಳಿಗ್ಗೆ ತಿಂಡಿ ತಿಂದು ಹೊರಟರೆ ಮಧ್ಯಾಹ್ನದ ಊಟಕ್ಕೆ ತಂಗಿಯ ಮನೆ. ಬೇಕಾದಾಗ ಹೋಗುತ್ತಾಳೆ, ಬೇಕಾದಾಗ ಬರುತ್ತಾಳೆ. ಜಯನಿಗೆ ತಿಳಿಸಿಬಿಡು, ನಿಮ್ಮಮ್ಮ ಸುಮ್ಮನಿರಲಿ ಅಂದರು. ಅಲ್ಲಿಗೆ ತೀರ್ಮಾನವಾಯಿತು. ಅಡುಗೆಮನೆಯಲ್ಲಿ ಕುಟ್ಟಾಣಿಯ ಸದ್ದು ನಿಂತಿತು. ಅಮ್ಮ ಏನಾದರೂ ಹೇಳುತ್ತಾರೇನೋ, ದಾಟಿಸೋಣ ಎಂದು ಬಾಗಿಲ ಕಡೆ ನೋಡಿದೆ. ಬಾಂಡಲೆ ಇಳಿಸಿದ ಸದ್ದು ಬಂತು. ಆ ರಾತ್ರಿ ಅಮ್ಮ ಊಟ ಬಡಿಸುವಾಗ ನನ್ನ ಮುಖ ನೋಡಲಿಲ್ಲ.

ಅಮ್ಮನ ಪಾಸ್‌ಪೋರ್ಟ್ ಆಗಲೇ ಇತ್ತು. ಹಿಂದಿನ ವರ್ಷ ಅನ್ವರ್ ಭಾಯಿ ಹೇಳಿ ಹೇಳಿ ನನ್ನ ಕೈಲಿ ಮಾಡಿಸಿದ್ದರು. ಆದರೆ ಅದು ದೊಡ್ಡಪ್ಪನ ಬೀರುವಿನಲ್ಲಿ, ಜಮೀನಿನ ಕಾಗದಗಳ ಜೊತೆ. ಬೀರುವಿನ ಬೀಗದ ಕೈ ಅವರ ಉಡದಾರದಲ್ಲಿ. ಸುಧಕ್ಕನಿಗೆ ದಿನ ತುಂಬಲು ಇನ್ನು ಐದು ವಾರ. ಅಕ್ರಾಗೆ ಹೋಗುವವರು ಹಳದಿ ಜ್ವರದ ಚುಚ್ಚುಮದ್ದು ಹಾಕಿಸಿಕೊಂಡು ಹತ್ತು ದಿನ ಕಳೆದಿರಬೇಕು. ಸುಧಕ್ಕನ ಯಜಮಾನರು ಟಿಕೆಟ್ ಕಳಿಸಲು ಸಿದ್ಧರಿದ್ದರು. ಸಿದ್ಧವಿಲ್ಲದಿದ್ದದ್ದು ನಮ್ಮ ಹಾಲಿನ ಮಂಚ ಮಾತ್ರ.

ಭಾನುವಾರ ಜಯಕ್ಕನ ಫೋನ್ ಬಂತು. ದೊಡ್ಡಪ್ಪನ ತೀರ್ಮಾನ ತಿಳಿಸಿದೆ.

‘ಎರಡೂ ಮುಕ್ಕಾಲು ಗಂಟೆ ಅಂತ ಯಾರೇ ಹೇಳಿದ್ದು?’

‘ನಾನೇ. ಪುಸ್ತಕದಲ್ಲಿ ನೋಡ್ದೆ.’

‘ನಿನ್ ಪುಸ್ತಕಕ್ಕೆ ಬೆಂಕಿ ಹಾಕ. ಆಫ್ರಿಕಾ ಅಂದ್ರೆ ಹಲಸೂರು ಇಂದಿರಾನಗರ ಅಂದ್ಕೊಂಡಿದೀಯಾ? ಈ ಕಡೆ ಸಮುದ್ರದಿಂದ ಆ ಕಡೆ ಸಮುದ್ರಕ್ಕೆ ಹೋಗ್ಬೇಕು. ದಿನಾ ವಿಮಾನಾನೂ ಇಲ್ಲ.’ ಆಮೇಲೆ ದನಿ ಇಳಿಸಿದಳು. ‘ನಾನು ಹೋಗಲ್ಲ ಅಂತಲ್ಲ ಕಣೆ. ಮಕ್ಕಳನ್ನ ಎಲ್ಲಾದ್ರೂ ಬಿಟ್ಟು ಹೋಗ್ತೀನಿ. ಆದ್ರೆ ಅವಳು ಕೇಳ್ತಿರೋದು ಅಮ್ಮನ್ನ. ನನ್ನೆರಡು ಹೆರಿಗೇಗೂ ಊರಿಗೆ ಬಂದಿದ್ದೆ, ಅಮ್ಮ ಇದ್ರು. ಅವಳಿಗ್ಯಾಕೆ ಬೇಡ?’

ಸೋಮವಾರ ಆಫೀಸಿಗೆ ಹೋದವಳೇ ಬ್ಯಾಗು ಕೆಳಗಿಡದೆ ಅನ್ವರ್ ಭಾಯಿಯ ಮುಂದೆ ನಿಂತು ನನ್ನ ಲೆಕ್ಕ ಒಪ್ಪಿಸಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

‘ಬೇಟಾ, ಗಡಿಯಾರದಲ್ಲಿ ಗಡಿಯಾರ ಕಳೆದ್ಬಿಟ್ಟೆ. ಸೂರ್ಯನ್ನ ಯಾರು ಕೂಡಿಸ್ತಾರೆ?’

ಬಿಡುವ ಹೊತ್ತು ಬಿಡುವ ಊರಿನದು, ಸೇರುವ ಹೊತ್ತು ಸೇರುವ ಊರಿನದು. ಅಕ್ರಾದ ಗಡಿಯಾರ ನೈರೋಬಿಗಿಂತ ಮೂರು ಗಂಟೆ ಹಿಂದೆ. ಎರಡೂ ಮುಕ್ಕಾಲಿಗೆ ಮೂರು ಕೂಡಿಸು, ಐದೂ ಮುಕ್ಕಾಲು. ದೂರ ಸುಮಾರು ನಾಲ್ಕು ಸಾವಿರದ ಇನ್ನೂರು ಕಿಲೋಮೀಟರು, ಇಲ್ಲಿಂದ ದಿಲ್ಲಿಗೆ ಹೋಗುವುದರ ಎರಡರಷ್ಟಕ್ಕಿಂತ ಹೆಚ್ಚು. ಪುಸ್ತಕ ತಿರುಗಿಸಿ ವಾಪಸು ಬರುವ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದರು. ಅಕ್ರಾ ಬಿಡುವುದು ಮಧ್ಯಾಹ್ನ ಒಂದಕ್ಕೆ, ನೈರೋಬಿ ಸೇರುವುದು ಒಂಬತ್ತೂ ಮುಕ್ಕಾಲಿಗೆ. ನನ್ನ ಲೆಕ್ಕದ ಪ್ರಕಾರ ಹೋಗುವುದು ಎರಡೂ ಮುಕ್ಕಾಲು, ಬರುವುದು ಎಂಟೂ ಮುಕ್ಕಾಲು! ಕೆಳಗಿನ ಒಂದು ಸಾಲು ನೋಡಿದ್ದರೆ ಅವತ್ತೇ ಗೊತ್ತಾಗುತ್ತಿತ್ತು. ನಾನು ಹೋಗುವುದನ್ನಷ್ಟೇ ನೋಡಿದ್ದೆ. ಜಯಕ್ಕ ಬರುವುದು ನನ್ನ ತಲೆಗೇ ಬಂದಿರಲಿಲ್ಲ.

ಸಂಜೆ ಅಡುಗೆಮನೆಯಲ್ಲಿ ತಗ್ಗಿದ ದನಿಯಲ್ಲಿ ಅಮ್ಮನಿಗೆ ಎಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಅಮ್ಮ ಸೊಪ್ಪು ಬಿಡಿಸುತ್ತಾ, ‘ಆ ಮೂರು ಗಂಟೆ ಯಾರ ಹತ್ರ ಉಳೀತು?’ ಅಂತ ಕೇಳಿದರು. ನಾನು ಸೊಪ್ಪಿನ ಕಡ್ಡಿಗಳನ್ನು ಎತ್ತಿ ಕಸಕ್ಕೆ ಹಾಕಿದೆ.

ಮರುದಿನ ಹನ್ನೊಂದರ ಹೊತ್ತಿಗೆ ಆಫೀಸಿನ ಮೆಟ್ಟಿಲಲ್ಲಿ ಪರಿಚಯದ ಕೆಮ್ಮು ಕೇಳಿಸಿತು. ಅಮ್ಮ! ಒಬ್ಬರೇ ಬಸ್ಸು ಹತ್ತಿ ಶಿವಾಜಿನಗರಕ್ಕೆ ಬಂದಿದ್ದರು. ಕೈಯಲ್ಲಿ ಕಾಕಡ ಹೂವಿನ ಪೊಟ್ಟಣ, ಮೊಳದುದ್ದ ಕಟ್ಟಿ ಮುಗಿದ ಹೂ. ಹಲಸೂರು ಕೆರೆ ದಾಟುವವರೆಗೆ ಕಟ್ಟಿದೆ, ಆಮೇಲೆ ಸೀಟು ಬಿಟ್ಟು ನಿಂತುಕೊಳ್ಳಬೇಕಾಯಿತು ಅಂದರು. ಅನ್ವರ್ ಭಾಯಿ ಎದ್ದು ಕುರ್ಚಿ ಕೊಟ್ಟರು. ಅಮ್ಮ ಕೂರಲಿಲ್ಲ. ಗೋಡೆಯ ಮೇಲೆ ಯಾವುದೋ ವಿಮಾನ ಕಂಪನಿ ಕೊಟ್ಟಿದ್ದ ದೊಡ್ಡ ಭೂಪಟವಿತ್ತು, ಅದರ ಮುಂದೆ ಹೋಗಿ ನಿಂತರು.

‘ನಮ್ಮೂರೆಲ್ಲಿ?’ ತೋರಿಸಿದೆ. ‘ಜಯ?’ ತೋರಿಸಿದೆ. ‘ಸುಧ?’ ತೋರಿಸಿದೆ.

ಮಡಿಲಿನಿಂದ ನೂಲುಂಡೆ ತೆಗೆದರು. ಹೂ ಕಟ್ಟುವವರ ಬೆರಳಿಗೆ ನೂಲು ಎಷ್ಟು ಬಿಗಿಯಿರಬೇಕೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ತುದಿಯನ್ನು ಬೆಂಗಳೂರಿನ ಮೇಲೆ ನನ್ನ ಉಗುರಿನಲ್ಲಿ ಒತ್ತಿ ಹಿಡಿಸಿ, ಸಮುದ್ರ ದಾಟಿಸಿ ನೈರೋಬಿಗೆ ಎಳೆದು, ಅಲ್ಲಿಗೆ ಸರಿಯಾಗಿ ಹಲ್ಲಿನಲ್ಲಿ ಕಡಿದರು. ಆಮೇಲೆ ನೈರೋಬಿಯಿಂದ ಅಕ್ರಾಗೆ ಇನ್ನೊಂದು. ಎರಡನ್ನೂ ಒಂದೇ ಕೈಯಲ್ಲಿ ಇಳಿಬಿಟ್ಟು ನೋಡಿದರು. ಬೆರಳಗಲದ ವ್ಯತ್ಯಾಸ. ಅಂದರೆ ನಮಗೆ ಜಯಕ್ಕ ಎಷ್ಟು ದೂರವೋ, ಹೆಚ್ಚುಕಡಿಮೆ ಅಷ್ಟೇ ದೂರ ಜಯಕ್ಕನಿಗೆ ಸುಧಕ್ಕ.

ಅನ್ವರ್ ಭಾಯಿ ಹಿಂದೆ ನಿಂತು ನೋಡುತ್ತಿದ್ದರು. ಈ ಮ್ಯಾಪು ಎಷ್ಟು ವರ್ಷದಿಂದ ಇಲ್ಲಿದೆ, ಅಳತೆ ತೆಗೆದವರು ನೀವೇ ಮೊದಲು ಅಂದರು. ಅಮ್ಮ ಕಟ್ಟಿದ ಹೂವನ್ನು ಅವರ ಮೇಜಿನ ಮೇಲಿಟ್ಟು, ಮನೆಯವರಿಗೆ ಕೊಡಿ ಎಂದು ಹೇಳಿ ಮೆಟ್ಟಿಲಿಳಿದರು.

ಅವತ್ತಿನ ಸಂಜೆ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ದೊಡ್ಡಪ್ಪ ಮಂಚದ ಮೇಲೆ ಕಡ್ಲೆಪುರಿ ತಿನ್ನುತ್ತಾ ಕೂತಿದ್ದರು. ನಾನು ಎದುರು ನಿಂತು, ಮೊನ್ನೆ ಹೇಳಿದ್ದು ತಪ್ಪು, ಎರಡೂ ಮುಕ್ಕಾಲಲ್ಲ, ಐದೂ ಮುಕ್ಕಾಲು ಅಂದೆ. ಗಡಿಯಾರದ ವಿಷಯ, ಸೂರ್ಯನ ವಿಷಯ ಎಲ್ಲ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೇ ಅದು ಸುಳ್ಳಿನ ಹಾಗೆ ಕೇಳಿಸತೊಡಗಿತು.

‘ಮೊನ್ನೆ ಎರಡೂ ಮುಕ್ಕಾಲು ಅಂದೆ, ಇವತ್ತು ಐದೂ ಮುಕ್ಕಾಲು ಅಂತೀಯ’ ಅಂದರು ದೊಡ್ಡಪ್ಪ. ‘ನಾಳೆ ಎಂಟೂ ಮುಕ್ಕಾಲು ಅಂತೀಯ. ನಿಮ್ಮಮ್ಮ ಹೇಳಿಕೊಟ್ಳಾ?’

ಎಂಟೂ ಮುಕ್ಕಾಲು ಕೂಡ ಪುಸ್ತಕದಲ್ಲಿದೆ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. ದೊಡ್ಡಪ್ಪ ಬಾಗಿಲ ಕಡೆ ಗದ್ದ ತಿರುಗಿಸಿ ನನಗೆ ಹೇಳಿದರು: ‘ನಿಮ್ಮಮ್ಮಂಗೆ ಹೇಳು, ಈ ವಯಸ್ನಲ್ಲಿ...’

‘ಅವಳಿಗೆ ಹೇಳ್ಬೇಡಿ ಭಾವ. ನನಗೆ ಹೇಳಿ.’

ಅಮ್ಮ ಹೊಸ್ತಿಲು ದಾಟಿ ಹಾಲಿನಲ್ಲಿ ನಿಂತಿದ್ದರು. ಸೆರಗು ತಲೆಯ ಮೇಲಿತ್ತು, ಆದರೆ ಕಣ್ಣು ನೆಲದಲ್ಲಿರಲಿಲ್ಲ. ಕೈ ಮುಂದೆ ಚಾಚಿ ಎರಡು ದಾರ ಹಿಡಿದಿದ್ದರು. ‘ನೀವೇ ಹೇಳ್ತೀರಲ್ಲ, ಬಾಯಿ ಅಳತೆ ಬೇಡ ಅಂತ. ಇದು ನಮ್ಮೂರಿಂದ ಜಯನ ಊರಿಗೆ. ಇದು ಜಯನ ಊರಿಂದ ಸುಧನ ಊರಿಗೆ. ನಾನೇ ಹಿಡಿದು ನೋಡ್ಕೊಂಡ್ ಬಂದಿದೀನಿ.’

ದೊಡ್ಡಪ್ಪನ ಕೈಯಲ್ಲಿದ್ದ ಕಡ್ಲೆಪುರಿ ಕೈಯಲ್ಲೇ ಉಳಿಯಿತು. ಬೇರೆ ಯಾರೇ ಆಗಿದ್ದರೂ ಸಿಟ್ಟಾಗುತ್ತಿದ್ದರೇನೋ. ಅವರಿಗೆ ಅಳತೆ ಕಂಡರೆ ಕೈ ತಡೆಯುವುದಿಲ್ಲ. ದಾರಗಳನ್ನು ತೆಗೆದುಕೊಂಡರು. ಕಿಟಕಿಯ ಬೆಳಕಿಗೆ ಹಿಡಿದು, ಮೇಲಿನ ತುದಿ ಸಮ ಮಾಡಿ, ಕೆಳಗೆ ಎಳೆದು ನೋಡಿದರು.

‘ನೂಲು ಎಳೆದ್ರೆ ಬೆಳೀತದೆ’ ಅಂದರು, ನನ್ನ ಕಡೆ ನೋಡುತ್ತಾ.

‘ಎರಡೂ ಒಂದೇ ಉಂಡೇದು’ ಅಂದರು ಅಮ್ಮ. ‘ಬೆಳೆದ್ರೆ ಎರಡೂ ಬೆಳೀತವೆ.’

ದೊಡ್ಡಪ್ಪ ಮತ್ತೆ ನೋಡಿದರು. ‘ಹಂಗಾದ್ರೆ ನಿಮ್ಮಮ್ಮಂಗೆ ಎರಡು ದಾರದಷ್ಟು ದೂರ ಆಯ್ತು’ ಅಂದರು, ಈಗಲೂ ನನಗೇ.

‘ಹೌದು, ಎರಡು ದಾರ’ ಅಂದರು ಅಮ್ಮ. ‘ಹತ್ರ ಅಂತ ಜಯನ್ನ ಕಳಿಸೋ ಹಾಗಿದ್ರೆ ಅವಳಿಗೂ ಹತ್ರ ಇಲ್ಲ. ದೂರ ಯಾರಾದ್ರೂ ಹೋಗ್ಲೇಬೇಕು ಅಂದ್ರೆ ಹೆತ್ತೋಳು ನಾನು...’

ಅಷ್ಟರಲ್ಲಿ ವಿಮಾನ ಬಂತು. ಆರೂವರೆಯದು, ದೊಡ್ಡದು. ತಟ್ಟೆಗಳು ಗುಂಯ್ ಅಂದವು. ನಾನೂ ದೊಡ್ಡಪ್ಪನೂ ಅಭ್ಯಾಸದಂತೆ ಅದು ದಾಟಲೆಂದು ಕಾದೆವು. ಅಮ್ಮ ಕಾಯಲಿಲ್ಲ. ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ವಿಮಾನಕ್ಕೆ ಮಾತು ನಿಲ್ಲಿಸಿಕೊಂಡು ಬಂದವರು ಅವತ್ತು ನಿಲ್ಲಿಸಲಿಲ್ಲ. ತುಟಿ ಆಡುತ್ತಿತ್ತು, ಕೈ ಆಡುತ್ತಿತ್ತು, ಒಂದಕ್ಷರವೂ ಕೇಳಿಸುತ್ತಿರಲಿಲ್ಲ. ಅಷ್ಟು ವರ್ಷದ ಮಾತು ಆ ಸದ್ದಿನ ಅಡಿಯಲ್ಲಿ ಹರಿದುಹೋಗುತ್ತಿತ್ತೇನೋ. ನಾನು ತಂತಿ, ದಾಟಿಸಲು ನನಗೂ ಏನೂ ಸಿಗಲಿಲ್ಲ. ವಿಮಾನ ಹೋಯಿತು. ಅಮ್ಮ ಹೇಳಿ ಮುಗಿಸಿದ್ದರು. ದೊಡ್ಡಪ್ಪ ಕೊನೆಯ ಆಸೆಯಿಂದ ನನ್ನ ಮುಖ ನೋಡಿದರು. ನನಗೂ ಕೇಳಿಸಲಿಲ್ಲವೆಂದು ತಲೆಯಾಡಿಸಿದೆ.

ಬೇರೆ ದಾರಿ ಇರಲಿಲ್ಲ. ಅವರು ಅಮ್ಮನ ಕಡೆ ತಿರುಗಿದರು.

‘ಏನಂದೆ?’

‘ಬೀರು ಕೀ ಕೊಡಿ ಅಂದೆ.’

ಅಷ್ಟೇ ಅಂದಿರಲಿಲ್ಲ, ಅದು ನನಗೂ ದೊಡ್ಡಪ್ಪನಿಗೂ ಗೊತ್ತಿತ್ತು. ಮಿಕ್ಕದ್ದನ್ನು ನಾನು ಆಮೇಲೆ ಎಷ್ಟು ಕೇಳಿದರೂ ಅಮ್ಮ ಹೇಳಲಿಲ್ಲ. ದೊಡ್ಡಪ್ಪ ದಾರಗಳನ್ನು ಮಂಚದ ಮೇಲಿಟ್ಟು ಉಡದಾರದ ಗಂಟು ಬಿಚ್ಚಿದರು. ಬೀಗದ ಕೈ ನನ್ನ ಕಡೆ ಚಾಚಿದರು. ನಾನು ಕೈ ಒಡ್ಡಲಿಲ್ಲ. ಇವತ್ತಿಗೂ ಆ ಒಂದು ಕೆಲಸದ ಬಗ್ಗೆ ನನಗೆ ಹೆಮ್ಮೆ. ಅಮ್ಮ ಬಂದು ತೆಗೆದುಕೊಂಡರು.

ಚುಚ್ಚುಮದ್ದಿಗೆ ಜ್ವರ ಬಂತು, ಎರಡು ದಿನ ಮಲಗಿದರು, ಎದ್ದು ಮತ್ತೆ ಖಾರ ಕುಟ್ಟಿದರು. ಹೊರಡುವ ದಿನ ಅಪ್ಪನ ಕೈಗಡಿಯಾರ ಕಟ್ಟಿಕೊಂಡರು. ಅಲ್ಲಿ ಹೋದಮೇಲೆ ಮುಳ್ಳು ತಿರುಗಿಸಿಕೋ ಎಂದು ನಾನು ಹೇಳಿದ್ದಕ್ಕೆ, ಯಾಕೆ ತಿರುಗಿಸಲಿ, ನಾನು ಬದಲಾಗಲ್ಲ ಅಂದಮೇಲೆ ಅದೂ ಬೇಡ ಅಂದರು. ಮೂರು ತಿಂಗಳು ಅಕ್ರಾದಲ್ಲಿ ಅಮ್ಮನ ಕೈಯಲ್ಲಿ ತಿಪ್ಪಸಂದ್ರದ ಹೊತ್ತೇ ನಡೆಯಿತಂತೆ. ಬಾಣಂತಿಗೆ ನೀರು ಹಾಕುವುದು, ಖಾರದನ್ನ ಕೊಡುವುದು, ಎಲ್ಲ ಅಪ್ಪನ ಗಡಿಯಾರದಲ್ಲಿ ಐದೂವರೆ ಗಂಟೆ ಕಳೆದು. ಅಮ್ಮನ ಲೆಕ್ಕ ಒಂದು ದಿನವೂ ತಪ್ಪಲಿಲ್ಲವೆಂದು ಸುಧಕ್ಕ ಹೇಳುತ್ತಾಳೆ. ಅದನ್ನು ನನಗೆ ಕೇಳಿಸುವಂತೆಯೇ ಹೇಳುತ್ತಾಳೆ.

ನೈರೋಬಿಯಲ್ಲಿ ಎರಡು ದಿನ ಜಯಕ್ಕನ ಮನೆಯಲ್ಲಿದ್ದು ಅಕ್ರಾ ತಲುಪಿದ ಮರುದಿನ ಫೋನ್ ಬಂತು. ನಾನು ಎತ್ತಿದೆ. ಹೇಗಿದೀಯ, ಸುಧಕ್ಕ ಹೇಗಿದಾಳೆ ಎಂದೆಲ್ಲ ಕೇಳುವ ಮೊದಲೇ ಅಮ್ಮ, ‘ಭಾವಂಗೆ ಕೊಡು’ ಅಂದರು. ದೊಡ್ಡಪ್ಪ ಫೋನನ್ನು ಎರಡು ಕೈಯಲ್ಲಿ ಹಿಡಿದುಕೊಂಡರು. ಆ ಕಡೆಯ ಮಾತು ನನಗೆ ಕೇಳಿಸಲಿಲ್ಲ. ಈ ಕಡೆ ಅವರು ಹೇಳಿದ್ದು ಇಷ್ಟು: ‘ಎಷ್ಟೊತ್ತಾಯ್ತು?’ ಸ್ವಲ್ಪ ತಡೆದು, ‘ಐದು ಗಂಟೆ ಐವತ್ತು ನಿಮಿಷಾನಾ?’ ಮತ್ತೆ ತಡೆದು, ‘ಹಂಗಾದ್ರೆ ಮಗು ಐದು ನಿಮಿಷ ಕಮ್ಮಿ ಹೇಳಿತ್ತು.’

ಮಗು ಅಂದರೆ ನಾನು. ಬೈಗುಳವೋ ಕ್ಷಮೆಯೋ ಗೊತ್ತಾಗಲಿಲ್ಲ. ಆ ತಿಂಗಳ ಕೊನೆಗೆ ಸುಧಕ್ಕನಿಗೆ ಹೆಣ್ಣಾಯಿತು. ದೊಡ್ಡಪ್ಪ ಮಾರ್ಕೆಟ್ ರಸ್ತೆಯ ಸೆಲೂನಿನಲ್ಲಿ ಕೂತು, ಆಫ್ರಿಕಾ ಎಷ್ಟು ದೊಡ್ಡದು ಗೊತ್ತಾ, ನಾವು ದಾರ ಹಿಡಿದು ನೋಡಿದೀವಿ ಎಂದು ಹೇಳುತ್ತಿದ್ದರಂತೆ. ನಾವು!

ಅಮ್ಮ ವಾಪಸು ಬಂದಮೇಲೆ ಮತ್ತೆ ಬಾಗಿಲ ಮರೆಗೆ ಹೋಗಲಿಲ್ಲ. ‘ಭಾವ, ಸಾರು ಆರ್ತಾ ಇದೆ’ ಎಂದು ನೇರವಾಗಿ ಕರೆಯುತ್ತಿದ್ದರು. ಆಮೇಲೆ ಜಗಳಗಳೂ ಆದವು, ನನ್ನ ತಿದ್ದುಪಡಿ ಇಲ್ಲದ, ಅಸಲಿ ಜಗಳಗಳು. ಇಬ್ಬರೂ ಆರೋಗ್ಯವಾಗಿಯೇ ಇದ್ದರು. ನನ್ನ ತಂತಿಯ ಕೆಲಸ ಹೋಯಿತು. ಅಡುಗೆಮನೆಯ ಹೊಸ್ತಿಲಿನಿಂದ ಮಂಚದವರೆಗೆ ಎಂಟಡಿ. ಅಮ್ಮನಿಗೆ ಅದನ್ನು ದಾಟಲು ಎಷ್ಟು ವರ್ಷ ಹಿಡಿಯಿತೆಂಬುದು ಅನ್ವರ್ ಭಾಯಿಯ ಇಟ್ಟಿಗೆ ಪುಸ್ತಕದಲ್ಲೂ ಇರಲಿಲ್ಲ.

ವಿಮಾನಗಳು ದೇವನಹಳ್ಳಿಗೆ ಹೋಗಿ ಎಷ್ಟೋ ವರ್ಷವಾಯಿತು. ನಮ್ಮ ಆಕಾಶ ಈಗ ಸದ್ದಿಲ್ಲದ್ದು. ಆದರೂ ನನಗೆ ಮಾತಿನ ನಡುವೆ ಸುಮ್ಮನೆ ನಿಂತುಬಿಡುವ ಚಾಳಿ ಬಿಟ್ಟಿಲ್ಲ. ಯಾವುದೂ ಬರದಿದ್ದರೂ, ಏನೋ ದಾಟಿಹೋಗಲಿ ಎಂದು ಕಾಯುತ್ತೇನೆ. ಬೆಳಿಗ್ಗೆ ಕಾಫಿಯ ಹೊತ್ತಿನಲ್ಲೂ ಅದನ್ನೇ ಮಾಡಿದ್ದೆ.

ಹಾಲು ಉಕ್ಕಿದ ವಾಸನೆ ಬಂದು ಎದ್ದೆ. ಸ್ಟವ್ ಆರಿಸಿದೆ, ಒರೆಸಲಿಲ್ಲ. ಇನ್ನೊಂದು ಅರೆಯಲ್ಲಿ ನನ್ನ ಪಾಸ್‌ಪೋರ್ಟ್ ಸಿಕ್ಕಿತು, ಇನ್ನೂ ಮೂರು ವರ್ಷ ಅವಧಿ ಇದೆ. ಎರಡು ದಾರವನ್ನೂ ಅದರೊಳಗಿಟ್ಟೆ. ಮಗಳು ಬರುವುದು ಸಂಜೆ ಏಳಕ್ಕೆ. ಕಾಯಲಿಲ್ಲ. ಇವರು ಕೂತಿದ್ದಲ್ಲಿಗೆ ಹೋದೆ.

‘ರೀ, ಶುಕ್ರವಾರ ಚುಚ್ಚುಮದ್ದು ಹಾಕಿಸ್ಕೊಳ್ಳೋಕೆ ಹೋಗ್ತಿದೀನಿ.’

ಅವರು ಪೇಪರ್ ಇಳಿಸಿದರು. ‘ಯಾತಕ್ಕೆ?’

‘ಹಳದಿ ಜ್ವರಕ್ಕೆ.’

‘ನಿಂಗೆಲ್ಲಿ ಜ್ವರ?’

‘ನಂಗಿಲ್ಲ. ಹೋಗೋ ಊರಲ್ಲಿ ಕೇಳ್ತಾರೆ’ ಅಂದೆ.